ಕಡಜ ತೋರಿಸಲು ಕರೆದದ್ದು ನಾನೇ

ಮಾರ್ಚ್ ೯, ಭಾನುವಾರ

ಅತ್ತೆ ಉಸಿರಾಡುತ್ತಿದ್ದಾರೋ ಇಲ್ಲವೋ ಅಂತ ಮೂರು ಸಲ ಎದ್ದು ನೋಡಿ ಬಂದೆ.

ಬೆಳಿಗ್ಗೆ ಕೈತೋಟದಲ್ಲಿ ಕ್ಯಾಮೆರಾ ಹಿಡಿದು ಕೂತಿದ್ದೆ. ಕಡಜವೊಂದು ಬದನೆ ಗಿಡದ ಹಸಿರು ಹುಳುವನ್ನು ಕಚ್ಚಿಕೊಂಡು ನಿಂಬೆ ಗಿಡದ ಗೂಡಿಗೆ ಬಂತು. ಎಂಥ ಚಿತ್ರ ಸಿಕ್ಕಿತು! "ಬನ್ನಿ ಅತ್ತೆ, ನಮ್ಮ ಬದನೆ ಕಾಯೋರು ಇವರೇ" ಅಂತ ಕರೆದೆ. ಅತ್ತೆ ಬಂದವರೇ ಸರಿಯಾಗಿ ಕಾಣಲಿ ಅಂತ ಎಲೆ ಸರಿಸಿದರು. ಕುತ್ತಿಗೆಗೆ ಒಂದೇ ಒಂದು ಕಡಜ ಚುಚ್ಚಿತು.

ನೋಡನೋಡುತ್ತಲೇ ತುಟಿ ಊದಿತು, ಗಂಟಲು ಕಟ್ಟಿ ಮಾತು ನಿಂತಿತು. ನಮ್ಮ ಮನೆಯವರು ಕಾರು ಓಡಿಸಿದರು. ನಾನು ಹಿಂದೆ ಕೂತು "ಉಸಿರಾಡಿ ಅತ್ತೆ, ಉಸಿರಾಡಿ" ಅನ್ನುತ್ತಲೇ ಇದ್ದೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಮೇಲೆ ಡಾಕ್ಟರು, "ಇನ್ನೊಂದು ಸಲ ಕಚ್ಚಿದರೆ ಇದಕ್ಕಿಂತ ಜೋರಾಗಬಹುದು, ಹುಷಾರು" ಅಂದರು. ಸಂಜೆ ಮನೆಗೆ ಕಳಿಸಿದರು.

ಗೂಡು ತೆಗೆಸೋಣ ಅಂತ ಇವರು ಹೋದ ತಿಂಗಳೇ ಹೇಳಿದ್ದರು. "ಕಡಜ ಹೋದರೆ ಬದನೆಯೆಲ್ಲ ಹುಳುವಿನ ಪಾಲು" ಅಂತ ವಾದಿಸಿ ಗೆದ್ದವಳು ನಾನು. ಈಗಲೂ ಅದು ಸುಳ್ಳೇನಲ್ಲ. ಆದರೂ ಇವತ್ತು ನಾನೇ "ನಾಳೆ ತೆಗೆಸಿಬಿಡಿ" ಅಂದೆ. ಅತ್ತೆ ಊದಿದ ಬಾಯಲ್ಲೇ ಗೊಣಗಿದರು: "ಅದರ ಮನೆಗೆ ಕೈ ಹಾಕಿದ್ದು ನಾನಲ್ವೇನೇ? ಅದನ್ನ ಯಾಕೆ ಕೊಲ್ತೀರಿ?"

ಆ ಮಾತಿಗೆ ಅಳು ಬಂತು. ಆದರೆ ಮನಸ್ಸು ಬದಲಿಸಲಿಲ್ಲ. ತಪ್ಪು ಅಂತ ಗೊತ್ತಿದ್ದೂ ಹೆದರಿ ಮಾಡುವ ಕೆಲಸ ಇದು. ಇಷ್ಟಕ್ಕೇ ನಿಲ್ಲುತ್ತದೋ ಇಲ್ಲವೋ. ನಾಡಿದ್ದು ಜೇನುನೊಣ ಕಂಡರೂ ಹೀಗೇ ಅನ್ನುತ್ತೇನೇನೋ, ಆಮೇಲೆ ಪ್ರತಿಯೊಂದು ರೆಕ್ಕೆಯ ಸದ್ದಿಗೂ ಅದೇ "ತೆಗೆಸಿಬಿಡಿ."