ಕಣ್ಣು ಮುಚ್ಚಿ ಕೊಳ್ಳಬಹುದು

ಮಂಗಳವಾರ, ಮಾರ್ಚ್ ೧೧

ತಂಗಿಯ ಕಿವಿಯ ಊತ ಇನ್ನೂ ಇಳಿದಿಲ್ಲ. ನಾನೇ ಮಾಡಿಕೊಟ್ಟ ಓಲೆ. ತಂತಿಯಲ್ಲಿ ನಿಕ್ಕಲ್ ಬೆರೆತಿರಬೇಕು, ಅದು ಕೆಲವರ ಚರ್ಮಕ್ಕೆ ಒಗ್ಗದು ಎಂದ ಡಾಕ್ಟರ ಹತ್ತಿರ, "ಅಪ್ಪಟ ಬೆಳ್ಳಿ ತಂತಿ ಡಾಕ್ಟ್ರೇ," ಎಂದು ವಾದಿಸಿ ಬಂದೆ. ಸಂಜೆ ನಿಕ್ಕಲ್ ಪತ್ತೆ ಮಾಡುವ ದ್ರಾವಣದಲ್ಲಿ ಹತ್ತಿ ಅದ್ದಿ ತಂತಿಯನ್ನು ಉಜ್ಜಿದೆ. ಹತ್ತಿ ಗುಲಾಬಿಯಾಯಿತು. ಡಾಕ್ಟರ ಮಾತೇ ನಿಜ.

ತಂತಿ ತರಿಸಿದ ಆನ್‌ಲೈನ್ ಅಂಗಡಿಯ ಹೆಸರು ಫೋನಿನಲ್ಲಿರುವ ನಮ್ಮ ಗುಂಪಿನ ಪಟ್ಟಿಯಲ್ಲಿದೆ. ಮನೆಯಲ್ಲೇ ಕೂತು ಒಡವೆ ಮಾಡುವವರಿಗೆ ಸಾಮಾನು ಎಲ್ಲಿ ಸಿಗುತ್ತದೆ, ಬೆಸುಗೆಯನ್ನು ಯಾವ ವೀಡಿಯೊ ನೋಡಿ ಕಲಿಯಬೇಕು ಎಂದು ನಾಲ್ಕು ವರ್ಷದಿಂದ ನಾನೇ ಬೆಳೆಸಿದ ಪಟ್ಟಿ. ಆ ಅಂಗಡಿಯ ಮುಂದೆ "ಕಣ್ಣು ಮುಚ್ಚಿ ಕೊಳ್ಳಬಹುದು" ಎಂದು ಬರೆದವಳೂ ನಾನೇ.

"ಸದ್ದಿಲ್ದೆ ಅಳಿಸಿಬಿಡಕ್ಕ," ಎಂದಳು ತಂಗಿ, ಕಿವಿಗೆ ಮುಲಾಮು ಹಚ್ಚಿಕೊಳ್ಳುತ್ತಾ. "ಹೇಳಿದ್ರೆ ಇನ್ಮೇಲೆ ನಿನ್ನ ಮಾತು ಯಾರು ನಂಬ್ತಾರೆ?"

ಅಳಿಸಲು ಹೋದೆ ಕೂಡ. ಬೆರಳು ಅಲ್ಲೇ ನಿಂತಿತು. ಮುಂದೆ ಕೊಳ್ಳುವವರೇನೋ ಉಳಿದಾರು, ಆಗಲೇ ಕೊಂಡವರ ಗತಿ? ಅವರು ಮಾರಿದ ಓಲೆಗಳು ಯಾರ್ಯಾರ ಕಿವಿಯಲ್ಲಿವೆಯೋ.

ರಾತ್ರಿ ಹತ್ತೂವರೆಗೆ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದೆ: ಪರೀಕ್ಷಿಸದೆ ಹೇಳಿದ್ದೆ, ತಪ್ಪು ನನ್ನದು, ಆ ತಂತಿಯಿಂದ ಮಾಡಿದ್ದನ್ನೆಲ್ಲ ವಾಪಸ್ ತರಿಸಿಕೊಳ್ಳಿ. ಹತ್ತಿಯ ಫೋಟೊವನ್ನೂ ಹಾಕಿದೆ.

ಆಮೇಲೆ ಮಣಿಸರ ಪೋಣಿಸುವ ಹಿರಿಯರೊಬ್ಬರು ಬರೆದರು: "ನಾನೂ ಅದೇ ತಂತಿ ತಗೊಂಡು ನನ್ನ ಸೊಸೆಗೆ ಓಲೆ ಮಾಡಿದ್ದೆ. ತಿಂಗಳಿಂದ ಅವಳ ಕಿವಿ ತೂತಲ್ಲಿ ಕೀವು ಸೋರ್ತಿದೆ. ಶುಚಿ ಇಲ್ಲ ನಿಂಗೆ ಅಂತ ದಿನಾ ಅವಳನ್ನೇ ಬೈತಿದ್ದೆ."

ಅಷ್ಟೇ. ನನ್ನನ್ನು ಒಂದು ಮಾತೂ ಆಡಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು. ಕ್ಷಮಿಸಿ ಎಂದು ಬರೆದೆ, ಅಳಿಸಿದೆ. ಕೊನೆಗೆ ಇಷ್ಟೇ ಕಳಿಸಿದೆ: ಮೊದಲು ಸೊಸೆಯನ್ನು ಎಬ್ಬಿಸಿ, ಓಲೆ ತೆಗೆಸಿ, ತಪ್ಪು ಅವಳದ್ದಲ್ಲ ಎಂದು ಹೇಳಿ.