ನಾನು ಹೇಳದ ಸಾಕ್ಷಿ

ತಮ್ಮಾ,

ಹೋದ ಮಂಗಳವಾರ, ನನ್ನ ಗಂಡನ ಶವಪೆಟ್ಟಿಗೆ ಇನ್ನೂ ಸಭೆಯ ಮುಂದೆ ಇದ್ದಾಗಲೇ, ನೀನು ಮೈಕಿನಲ್ಲಿ ಹೇಳಿದೆ: "ನಮ್ಮ ಅಕ್ಕ ಬಾಯಿಬಿಟ್ಟು ಸಾಕ್ಷಿ ಹೇಳಿದ್ದರೆ ಇವತ್ತು ಭಾವ ಎದ್ದು ನಡೀತಿದ್ದರು. ಅವಳ ಅಪನಂಬಿಕೆ ಸೈತಾನನಿಗೆ ಬಾಗಿಲು ತೆಗೀತು." ಜನ ಆಮೆನ್ ಅಂದರು. ನನಗೆ ಸಿಟ್ಟೂ ಬರಲಿಲ್ಲ. ಪಕ್ಕದವರು ನನ್ನ ಕೈ ಹಿಡಿದುಕೊಂಡರು. ನನ್ನ ಕೈಯೇ ಬೇರೆ ಯಾರದೋ ಕೈಯಂತಿತ್ತು.

ಪಾದ್ರಿಯಾದ ಮೇಲೆ ಈ ರೂಢಿ ತಂದವನು ನೀನೇ. ರೋಗ ಗುಣವಾಗುವ ಮೊದಲೇ ಎಲ್ಲರೆದುರು ನಿಂತು "ಗುಣವಾಯಿತು" ಅನ್ನಬೇಕು. ಆಸ್ಪತ್ರೆಯ ವಾರ್ಡಿಗೂ ಬಂದು ಕೇಳಿದೆ: "ಒಂದೇ ಒಂದು ಮಾತು ಅಕ್ಕ, ಭಾನುವಾರ ಹೇಳಿಬಿಡು. ಆ ಮಾತ್ರೆ ಕಸಕ್ಕೆ ಹಾಕು." ನಾನು ಒಲ್ಲೆ ಅಂದೆ. ನೀನು ಹೋದ ಮೇಲೆ, ಜೀವಮಾನವಿಡೀ ಬಸ್ಸಿನ ಇಂಜಿನ್ ಬಿಚ್ಚಿ ಕಟ್ಟಿದ ನಿನ್ನ ಭಾವ ಮೂಗಿನ ನಳಿಕೆ ಮುಟ್ಟಿಕೊಂಡು ನಕ್ಕರು. "ನಿನ್ನ ತಮ್ಮ ನನ್ನನ್ನ ವಾಸಿ ಮಾಡಿಯಾಯ್ತಂತೆ ಕಣೇ. ಪಾಪ, ಈ ನಳಿಕೆಗೆ ಯಾರೂ ಹೇಳಿಲ್ಲ." ಆಮೇಲೆ ಇಬ್ಬರೂ ಪ್ರಾರ್ಥಿಸಿದೆವು. ವಾಸಿ ಮಾಡು ಸ್ವಾಮಿ ಎಂದು ಬೇಡಿದೆವು. ಮಾಡಿಯಾಯಿತೆಂದು ದೇವರ ಹೆಸರಿನಲ್ಲಿ ಸುಳ್ಳು ಹೇಳಲಿಲ್ಲ, ಅಷ್ಟೇ.

ನನಗೆ ಮರೆವು ಕಡಿಮೆ. ನೀನು ಚಿಕ್ಕವನಿದ್ದಾಗ ಕಲ್ಲೆಸೆದು ಎದುರುಮನೆಯ ಕಿಟಕಿ ಗಾಜು ಒಡೆದು, "ದೇವರ ಗಾಳಿ ಬೀಸಿತು" ಅಂದಿದ್ದೆ. ಅಪ್ಪ ಹೊಡೆಯಲಿಲ್ಲ. "ನಿನ್ನ ಕೈಯ ಕಲ್ಲನ್ನ ದೇವರ ಕೈಗೆ ಕೊಡಬೇಡ ಮಗನೇ" ಅಂದರು. ನೀನೀಗ ನಿಂತು ಗುಡುಗುವ ಪೀಠ ಅವರು ಉಳಿ ಹಿಡಿದು ಮಾಡಿದ್ದು.

ಸೈತಾನ ಎಂದರೆ ಬೈಬಲಿನ ಹಳೆಯ ಹೀಬ್ರೂ ಭಾಷೆಯಲ್ಲಿ ದೂರು ಹೊರಿಸುವವನು ಎಂದು ಓದಿದ್ದೇನೆ. ಮಂಗಳವಾರ ಆ ಕೆಲಸ ಮಾಡಿದವರು ಯಾರು?

ಅಕ್ಕ ನಂಬಿಕೆ ಬಿಟ್ಟಳೆಂದು ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಬಿಟ್ಟಿಲ್ಲ. ಗ್ರೀಸಿನ ಕಲೆ ಹೋಗದ ಅವರ ಅಂಗಿಗಳನ್ನು ಮಡಚಿಡುತ್ತೇನೆ. ಇಬ್ಬರಿಗೆ ತಟ್ಟೆ ಹಾಕಿ, ಒಂದನ್ನು ತೆಗೆದಿಡುತ್ತೇನೆ. ಅಳು ಬರುವುದಿಲ್ಲ. ಪ್ರಾರ್ಥನೆ "ಕರ್ತನೇ" ಎಂಬಲ್ಲಿಗೇ ನಿಂತುಹೋಗುತ್ತದೆ. ಆದರೂ ಕೂರುತ್ತೇನೆ. ಮನಸ್ಸು ಮರಗಟ್ಟಿದರೂ ಮೊಣಕಾಲು ಊರುವುದು ಮರೆತಿಲ್ಲ.

ಈ ಭಾನುವಾರ ನಮ್ಮ ಸಭೆಯ ಹಾಡಿನ ಟೀಚರನ್ನು ಮುಂದೆ ಕರೆಯುತ್ತೀಯಂತೆ. ಅವರ ಮಗಳಿಗೆ ಮೂರ್ಛೆರೋಗ. ಸಾಕ್ಷಿ ಹೇಳಿಸಿ ಮಾತ್ರೆ ನಿಲ್ಲಿಸುತ್ತೀಯಂತೆ. ನಿನ್ನೆ ಅವರು ನಮ್ಮ ಹೊಸ್ತಿಲಲ್ಲೇ ನಿಂತು ಕೇಳಿದರು: "ಅಕ್ಕಾ, ನಾನು ಹೇಳದೇ ಇದ್ದು ಮಗೂಗೆ ಏನಾದರೂ ಆದರೆ, ಪಾದ್ರಿ ನನಗೂ ಹಾಗೇ ಅಂತಾರಾ?"

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನೀನು. ಮನೆಗೆ ಬಂದು ಗುಟ್ಟಾಗಿ ಕ್ಷಮೆ ಕೇಳುವುದು ಬೇಡ. ಮೈಕಿನಲ್ಲಿ ಹೇಳಿದ್ದಕ್ಕೆ ಮೈಕಿನಲ್ಲೇ ಉತ್ತರ ಬೇಕು. ನಾನು ಮೊದಲ ಬೆಂಚಿನಲ್ಲೇ ಕೂತಿರುತ್ತೇನೆ. ಆ ತಾಯಿಯನ್ನು ಕರೆಯುವ ಮೊದಲು, ಅಪ್ಪ ಮಾಡಿದ ಪೀಠದ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳು: ನಿನ್ನ ಭಾವನನ್ನು ಕೊಂದದ್ದು ರೋಗವೋ, ನಾನು ಹೇಳದ ಸುಳ್ಳೋ?

ಕರ್ತನು ನಿನ್ನ ನಾಲಿಗೆಯನ್ನು ಕಾಯಲಿ.

ನಿನ್ನ ಅಕ್ಕ