ಇಲಿಗಳ ಕೋಣೆಯಲ್ಲಿ ಸರ್ವರ್

ಅಕ್ಕಾ, ಇಲ್ಲಿ ಕೆಲಸಕ್ಕೆ ಸೇರಿದೆ. ಈ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಕಂಪ್ಯೂಟರುಗಳೆಲ್ಲ ಈಗ ನನ್ನ ಸುಪರ್ದಿಯಲ್ಲಿವೆ. ಮೊನ್ನೆ ಸರ್ವರ್ ಕೋಣೆಯ ಏಸಿ ಕೆಟ್ಟು, ರೋಗಿಗಳ ವರ್ಷಗಟ್ಟಲೆಯ ಮಾಹಿತಿ ಇರುವ ಯಂತ್ರಗಳು ಕೆಂಡದಂತೆ ಕಾದವು. ನಿರ್ದೇಶಕರ ಬಳಿ ಓಡಿದೆ.

"ಹೊಸ ಏಸಿಗೆ ಸಮಿತಿ ಕೂರ್ಬೇಕು. ಅಲ್ಲೀವರೆಗೆ ಕಿಟಕಿ ತೆಗೆದಿಡಿ," ಎಂದರು.

ಆ ಕೋಣೆಗೆ ಕಿಟಕಿಯೇ ಇಲ್ಲ! ಇಡೀ ಕಟ್ಟಡದಲ್ಲಿ ತಂಪಾಗಿದ್ದದ್ದು ಪ್ರಯೋಗದ ಇಲಿಗಳ ಕೋಣೆಯೊಂದೇ. ಯಂತ್ರಗಳನ್ನು ಆಫ್ ಮಾಡಿ ಅಲ್ಲಿಗೇ ಹೊತ್ತೆ. ಇಲಿಗಳನ್ನು ನೋಡಿಕೊಳ್ಳುವಾಕೆ ಬಾಗಿಲಿಗೆ ಅಡ್ಡ ನಿಂತಳು: "ಇವುಗಳ ಸದ್ದಿಗೆ ನನ್ನ ಇಲಿಗಳು ಊಟ ಬಿಡ್ತವೆ ಸಾರ್!" ಕೈಮುಗಿದು ಒಂದು ಮೂಲೆ ಗಿಟ್ಟಿಸಿಕೊಂಡೆ. ಮಾಹಿತಿಯೆಲ್ಲ ಉಳಿಯಿತು. ಅಲ್ಲೇ ಕೂತು ಕೂತು ನನಗೆ ನೆಗಡಿ, ಗಾಬರಿಯಾಗಬೇಡ.

ಸಮಿತಿ ನಿನ್ನೆ ಸೇರಿತು. ಸೆಕೆ ತಡೆಯಲಾರದೆ ಇಲಿಗಳ ಕೋಣೆಯಲ್ಲೇ ಕೂತು, ಹೊಸ ಏಸಿ ಅನಗತ್ಯವೆಂದು ತೀರ್ಮಾನಿಸಿತು.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ